ಮೆಳೆಯ ಮುಳ್ಳು ಮತ್ತು ಉಲ್ಲೇಖದ ಲೆಕ್ಕ

ದಾಂಡೇಲಿ ಅಂದರೆ ಕಾಗದ. 1950ರ ದಶಕದ ಕೊನೆಗೆ ಅಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಶುರುವಾದ ಮೇಲೆ ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆಯ ಬಿದಿರು ಲಾರಿ ಹತ್ತಿ ಕಾಳಿ ನದಿಯ ದಂಡೆಗೆ ಹೋಯಿತು. ಅಲ್ಲಿ ಬೆಂದು, ಅರೆದು, ಬಿಳಿ ಹಾಳೆಯಾಗಿ ಹೊರಬಂತು. ಆ ಹಾಳೆ ಕಚೇರಿಗೆ ಹೋಯಿತು, ಕೋರ್ಟಿಗೆ ಹೋಯಿತು, ವಿಶ್ವವಿದ್ಯಾಲಯಕ್ಕೆ ಹೋಯಿತು. ವಿದ್ವಾಂಸರು ಅದರ ಮೇಲೆ ಪ್ರಬಂಧ ಬರೆದರು. ನಮ್ಮ ಕಾಡಿನ ಬಗ್ಗೆಯೂ ನಮ್ಮ ಬಗ್ಗೆಯೂ ಬರೆದರು. ಬರೆದವರನ್ನು ಇನ್ನೊಬ್ಬರು ಉಲ್ಲೇಖಿಸಿದರು, ಅವರನ್ನು ಮತ್ತೊಬ್ಬರು. ಯಾರು ಯಾರನ್ನು ಎಷ್ಟು ಸಲ ಉಲ್ಲೇಖಿಸಿದರು ಅನ್ನುವುದಕ್ಕೆ ಈಗ ಒಂದು ದೊಡ್ಡ ಲೆಕ್ಕದ ಪುಸ್ತಕ ಇದೆ. ಪ್ರಾಧ್ಯಾಪಕನ ಬಡ್ತಿ, ಕಾಲೇಜಿನ ದರ್ಜೆ, ಸಂಶೋಧನೆಗೆ ಸಿಗುವ ದುಡ್ಡು ಎಲ್ಲಕ್ಕೂ ಆ ಪುಸ್ತಕದ ನೆರಳು ಬಿದ್ದಿದೆ.

ಆ ಪುಸ್ತಕ ಯಾರ ಕೈಯಲ್ಲಿದೆ, ಅದರಲ್ಲಿ ಬರೆದದ್ದು ಖರೆಯೋ ಸುಳ್ಳೋ, ಅದನ್ನು ನಾವು ಬಿಡಿಸಿ ನೋಡಬಹುದೋ ಇಲ್ಲವೋ, ಇಷ್ಟು ನಮ್ಮ ಪ್ರಶ್ನೆ. 'ಇದು ಪಂಡಿತರ ಜಗಳ, ನಿಮಗ್ಯಾಕ್ರಪಾ' ಅಂತ ಕೇಳುವವರಿಗೆ ಮೊದಲು ಬಿದಿರಿನ ಕತೆ ಹೇಳುತ್ತೇವೆ.

ನಮ್ಮ ಕಡೆ ಬಿದಿರಿನ ಮೆಳೆ ನೋಡಿದವರಿಗೆ ಗೊತ್ತು. ಬುಡದ ಸುತ್ತ ಮುಳ್ಳಿನ ಕವಲುಗಳು ಹೆಣೆದುಕೊಂಡು ಬೇಲಿಯ ಹಾಗೆ ನಿಂತಿರುತ್ತವೆ. ಕಡಿಯುವವನಿಗೆ ಅದು ದೊಡ್ಡ ಕಾಟ. ಕೈ, ಕಾಲು, ಮುಖ ಎಲ್ಲ ಗೀರು. ಅರಣ್ಯ ಇಲಾಖೆಯ ಶಾಸ್ತ್ರದಲ್ಲೂ ಆ ಮುಳ್ಳು ದಂಡ. ಅದನ್ನು ಸವರಿ ತೆಗೆದರೆ ಮೆಳೆ ಹಗುರಾಗಿ ಬಿದಿರು ಚೆನ್ನಾಗಿ ಏಳುತ್ತದೆ ಅಂತ ಅವರು ನಂಬಿದ್ದರು. ಹಂಗಾಗಿ ಮುಳ್ಳು ಸವರಿದರು. ಮಳೆಗಾಲ ಬಂತು, ಕಳಲೆ ಎದ್ದಿತು. ಎದ್ದ ಕಳಲೆಯನ್ನು ದನ ತಿಂದವು, ಮುಸುವ ಮುರಿದವು, ಮುಳ್ಳುಹಂದಿ ಕೊರೆದವು. ಮೆಳೆ ಬಡವಾಯಿತು. ತಪ್ಪು ಯಾರ ಮೇಲೆ ಬಂತು? ದನ ಬಿಟ್ಟ ಹಳ್ಳಿಗರ ಮೇಲೆ, ಕಳಲೆ ಕಿತ್ತು ಪಲ್ಯ ಮಾಡಿದ ಬಡವರ ಮೇಲೆ.

ನಮ್ಮ ಹಿರೀಕರು ಹೇಳುತ್ತಲೇ ಇದ್ದರು: 'ಬುಡದ ಮುಳ್ಳ ಕಡದ್ರ ಕಳಲಿ ಉಳಿಯಂಗಿಲ್ರೀ ಸಾಹೇಬ್ರ, ಅದು ಅದರ ಬೇಲಿ.' ಯಾರು ಕೇಳಬೇಕು?

ಬುಟ್ಟಿ ಹೆಣೆಯುವವರಿಗೆ ಬಿದಿರು ಸಿಗದೆ ಕೂಗೆದ್ದ ಮೇಲೆ, 1975ರಲ್ಲಿ, ಸರ್ಕಾರ ಒಂದು ಅಧ್ಯಯನಕ್ಕೆ ಕೈ ಹಾಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಶಿಷ್ಯ ನರೇಂದ್ರ ಪ್ರಸಾದ್ ಉತ್ತರ ಕನ್ನಡದ ಕಾಡು ಸುತ್ತಿದರು. ಮೆಳೆ ನೋಡಿದರು, ಹಳ್ಳಿಗರ ಮಾತು ಕೇಳಿದರು. ಹಳ್ಳಿಗರು ಹೇಳಿದ್ದೇ ಸರಿ ಅಂತ ಕಂಡುಕೊಂಡರು. ಮುಳ್ಳು ಸವರಿದ್ದೇ ಕಳಲೆಗೆ ಕೇಡಾಗಿತ್ತು. ಕರ್ನಾಟಕ ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿಗೆ ಅವರು 1978ರಲ್ಲಿ ವರದಿ ಕೊಟ್ಟರು. ಗಾಡ್ಗೀಳರು ಹಳ್ಳಿಗರ ಪಾಲನ್ನು ಬಚ್ಚಿಟ್ಟವರಲ್ಲ. ಇದನ್ನು ಮೊದಲು ಹೇಳಿದವರು ಊರ ಜನ ಅಂತ ಎಷ್ಟೋ ಕಡೆ ತಾವೇ ಬರೆದಿದ್ದಾರೆ. ಅವರ ಮೇಲೆ ನಮ್ಮ ತಕರಾರಿಲ್ಲ.

ತಕರಾರಿರುವುದು ಆಮೇಲಿನದ್ದಕ್ಕೆ. ಆ ವರದಿಯನ್ನು ಓದಿದವರು, ಅದನ್ನು ಓದಿದವರ ಬರಹ ಓದಿದವರು, ಕೊನೆಗೆ ಏನೂ ಓದದೆ ಬರೀ ಹೆಸರು ನಕಲು ಮಾಡಿದವರು ಎಲ್ಲರೂ ಕಂಸದಲ್ಲಿ ಬರೆಯುವುದು ಒಂದೇ: 'ಗಾಡ್ಗೀಳ್ ಮತ್ತು ಪ್ರಸಾದ್, 1978'. ಮೂಲ ಬರಹದ ಒಳಗಿದ್ದ 'ಊರ ಜನ ಹೇಳಿದರು' ಅನ್ನುವ ಸಾಲು ಆ ಕಂಸದೊಳಗೆ ಹಿಡಿಯುವುದಿಲ್ಲ. ಲೆಕ್ಕ ಹಾಕುವ ಯಂತ್ರ ಲೇಖನದ ಹೊಟ್ಟೆ ಬಗೆದು ಓದುವುದಿಲ್ಲ. ಕೊನೆಯ ಪುಟದ ಪಟ್ಟಿಯನ್ನಷ್ಟೇ ಓದುತ್ತದೆ. ಆ ಪಟ್ಟಿಗೆ ಕನ್ನಡದಲ್ಲಿ ಗ್ರಂಥಋಣ ಅಂತಾರೆ. ಚಂದ ಮಾತು. ಆದರೆ ಬಾಯಿಯ ಋಣಕ್ಕೆ ಅಲ್ಲಿ ಜಾಗ ಇಲ್ಲ. ಜಗತ್ತಿನ ಬಹಳ ಕಡೆ ನಡೆಯುವ ಅಮೆರಿಕದ ಮನಶ್ಶಾಸ್ತ್ರ ಸಂಘದ ನಿಯಮ ನೋಡಿ. ಬಾಯಿಮಾತಿನಲ್ಲಿ ತಿಳಿದದ್ದು 'ವೈಯಕ್ತಿಕ ಸಂಪರ್ಕ'. ಅದನ್ನು ಲೇಖನದ ನಡುವೆ ಹೇಳಬಹುದು, ಪಟ್ಟಿಗೆ ಸೇರಿಸುವಂತಿಲ್ಲ. ಪಟ್ಟಿಗೆ ಸೇರದ್ದು ಎಣಿಕೆಗೆ ಸೇರದು. ಎಣಿಕೆಗೆ ಸೇರದ್ದು ಇಲ್ಲವೇ ಇಲ್ಲ ಅಂತ ಲೆಕ್ಕ. ಅಲ್ಲಿಗೆ ನಮ್ಮ ಅಜ್ಜಂದಿರ ಮಾತು ಮುಗಿಯಿತು.

ಇನ್ನೊಂದು ಸಂಖ್ಯೆ ಇದೆ. ಕಾರ್ಖಾನೆಗೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟರು ಅನ್ನುವ ಮಾತು. ಗಾಡ್ಗೀಳ್ ಬರಹಗಳ ಮೂಲಕ ಅದು ದೇಶಕ್ಕೆಲ್ಲ ಗೊತ್ತಾಯಿತು. ಒಂದೂವರೆ ರೂಪಾಯಿ! ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆಗೂ ಇದಕ್ಕೂ ಆಕಾಶ ಭೂಮಿ. ಹೋರಾಟದ ಭಾಷಣದಲ್ಲಿ ಆ ಸಂಖ್ಯೆ ನಮಗೆ ಕುಡುಗೋಲಿನ ಹಾಗೆ. ಆದರೆ ನಾವು ನಾಲ್ಕೈದು ಮಂದಿ ಸೇರಿ ಅದರ ಬುಡ ಹುಡುಕಲು ಹೊರಟಾಗ, ಒಂದು ಲೇಖನ ಇನ್ನೊಂದು ಲೇಖನದ ಕಡೆ ಕೈ ತೋರಿಸಿತು, ಅದು ಒಂದು ಪುಸ್ತಕದ ಕಡೆ, ಪುಸ್ತಕ ಒಂದು ವರದಿಯ ಕಡೆ. ವರದಿಯ ಪ್ರತಿ ನಾವು ಹೋದ ಗ್ರಂಥಾಲಯಗಳಲ್ಲಿ ಇರಲಿಲ್ಲ. ಮೂಲ ಕರಾರು ಪತ್ರ ಕಣ್ಣಾರೆ ಕಂಡೆವು ಅಂದವರು ನಮಗೆ ಒಬ್ಬರೂ ಸಿಗಲಿಲ್ಲ. ಸಂಖ್ಯೆ ಸುಳ್ಳು ಅಂತ ನಾವು ಅನ್ನುತ್ತಿಲ್ಲ. ನಮ್ಮ ಕೈಲಿರುವ ಕುಡುಗೋಲಿಗೆ ಹಿಡಿ ಬೇಕು ಅನ್ನುತ್ತಿದ್ದೇವೆ. ಎದುರಾಳಿಯ ವಕೀಲ ಎದ್ದು ನಿಂತು 'ಮೂಲ ದಾಖಲೆ ತೋರಿಸಿ' ಅಂದಾಗ ಕಂಸದೊಳಗಿನ ಹೆಸರು ತೋರಿಸಿದರೆ ನಡೆಯುವುದಿಲ್ಲ.

ವಕೀಲರ ಮಾತು ಬಂದದ್ದು ಚಲೋ ಆಯಿತು. ಈ ಉಲ್ಲೇಖದ ಲೆಕ್ಕ ಹುಟ್ಟಿದ್ದೇ ಅವರ ಪುಸ್ತಕದಿಂದ. ಒಂದು ತೀರ್ಪನ್ನು ಮುಂದೆ ಯಾವ ಕೋರ್ಟು ಎತ್ತಿ ಹಿಡಿಯಿತು, ಯಾವುದು ತಳ್ಳಿಹಾಕಿತು ಅಂತ ತೋರಿಸುವ ಸೂಚಿ ಅಮೆರಿಕದಲ್ಲಿ 1873ರಿಂದಲೇ ಇತ್ತು. ಅದನ್ನು ನೋಡಿ ಯೂಜಿನ್ ಗಾರ್ಫೀಲ್ಡ್ ಎಂಬವರು ವಿಜ್ಞಾನಕ್ಕೂ ಅಂಥದೊಂದು ಬೇಕು ಅಂತ 1955ರಲ್ಲಿ ಬರೆದರು. 1964ರಲ್ಲಿ ಫಿಲಡೆಲ್ಫಿಯಾದಿಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದರು. ಒಂದು ವಿಚಾರ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಅಂತ ಹುಡುಕುವುದಕ್ಕೆ ಅದು ಒಳ್ಳೆಯ ದೀಪ. ಆ ದೀಪವೇ ಆಮೇಲೆ ಬಡಿಯುವ ಕೋಲಾಯಿತು. ಎಷ್ಟು ಉಲ್ಲೇಖವೋ ಅಷ್ಟು ದೊಡ್ಡ ವಿದ್ವಾಂಸ. ಈಗ ವೆಬ್ ಆಫ್ ಸೈನ್ಸ್, 2004ರಲ್ಲಿ ಬಂದ ಸ್ಕೋಪಸ್, ಈ ಎರಡೂ ದೊಡ್ಡ ಕಂಪನಿಗಳ ಸೊತ್ತು. ಚಂದಾ ಕಟ್ಟಿದವರಿಗೆ ಮಾತ್ರ ಪೂರಾ ಬಾಗಿಲು. 2016ರಿಂದ ಬರುತ್ತಿರುವ ನಮ್ಮ ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಪಟ್ಟಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ದರ್ಜೆ ಹಚ್ಚುವಾಗ ಸಂಶೋಧನೆಯ ಅಂಕಿಗಳನ್ನು ಈ ಕಂಪನಿಗಳ ಪುಸ್ತಕದಿಂದ ತೆಗೆದುಕೊಳ್ಳುತ್ತದೆ. ದೇಶ ನಮ್ಮದು, ಮಾಸ್ತರು ನಮ್ಮವರು, ತಕ್ಕಡಿ ಮಾತ್ರ ಸಾಹುಕಾರನದು.

ಸಾಹುಕಾರನ ಪುಸ್ತಕ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅವ್ವಂದಿರು ಕಂತ್ರಾಟುದಾರನ ಕೆಳಗೆ ಕಟ್ಟಿಗೆ, ಬಿದಿರು ಹೊತ್ತವರು. ಮುಕಾದಮನ ಪುಸ್ತಕದಲ್ಲಿ ಹಾಜರಿ. ನಮ್ಮ ಮನೆಯ ಗೋಡೆಯ ಮೇಲೆ ಇದ್ದಿಲ ಗೀಟು. ವಾರದ ಕೊನೆಗೆ ಗೋಡೆಯಲ್ಲಿ ಆರು ಗೀಟು ಇರುತ್ತಿತ್ತು, ಪುಸ್ತಕದಲ್ಲಿ ನಾಲ್ಕು ದಿನ. 'ಗ್ವಾಡಿ ತಂದು ತೋರಸ್ತೀಯೇನ?' ಅಂತ ನಗುತ್ತಿದ್ದ ಆ ಮುಕಾದಮ. ಪುಸ್ತಕ ಬಿಡಿಸಿ ತೋರಿಸು ಅಂದರೆ ಮರುದಿನ ಕೆಲಸ ಇಲ್ಲ. ರಾಜಸ್ಥಾನದ ಬಡವರು ಇಂಥದನ್ನೇ ಕಂಡು ರೋಸಿ, 1994ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಹೆಸರಲ್ಲಿ ಜನಸುನವಾಯಿ ನಡೆಸಿದರು. ಹಾಜರಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಆ ಓದಿನಲ್ಲೇ ಕಳ್ಳ ಹೆಸರು, ಕಳ್ಳ ಬಿಲ್ಲು ಹೊರಬಿದ್ದವು. 2005ರ ಮಾಹಿತಿ ಹಕ್ಕಿನ ಕಾಯಿದೆಯ ಬೇರು ಅಲ್ಲಿದೆ.

ವಿದ್ವಾಂಸರ ಹಾಜರಿ ಪಟ್ಟಿಯಲ್ಲೂ ಇಲ್ಲದವರ ಹೆಸರಿದೆ ಅಂದರೆ ನಂಬುತ್ತೀರಾ? ಒಂದು ದೊಡ್ಡ ಪ್ರಕಾಶನ ಸಂಸ್ಥೆ ಲೇಖಕರಿಗೆ ಮಾದರಿ ತೋರಿಸಲು ಒಂದು ಸುಳ್ಳು ಲೇಖನದ ಹೆಸರು ಬರೆದಿತ್ತು: ವ್ಯಾನ್ ಡೆರ್ ಗೀರ್ ಮತ್ತಿತರರು, 'ವೈಜ್ಞಾನಿಕ ಲೇಖನ ಬರೆಯುವ ಕಲೆ'. ಅಂಥ ಲೇಖನ ಯಾವತ್ತೂ ಯಾರೂ ಬರೆದಿಲ್ಲ. ಆದರೂ ಅದಕ್ಕೆ ಸುಮಾರು 400 ಉಲ್ಲೇಖಗಳು ಬಿದ್ದಿವೆ ಅಂತ 2017ರಲ್ಲಿ ಗೊತ್ತಾಯಿತು. ಮಾದರಿಯನ್ನು ಅಳಿಸದೆ ಹಾಗೇ ಬಿಟ್ಟವರ ಪುಣ್ಯ. ಇದು ಉದಾಸೀನ ಅನ್ನೋಣ. ಇನ್ನೊಂದು ಶುದ್ಧ ಕಳ್ಳತನ. ಲೇಖನದ ಪುಟದಲ್ಲಿ ಇಲ್ಲವೇ ಇಲ್ಲದ ಉಲ್ಲೇಖಗಳನ್ನು, ಪ್ರಕಾಶಕರು ಕೇಂದ್ರ ದಾಖಲಾತಿಗೆ ಕಳಿಸುವ ಪಟ್ಟಿಯಲ್ಲಿ ಸದ್ದಿಲ್ಲದೆ ತುರುಕುವುದು. ಓದುವವನ ಕಣ್ಣಿಗೆ ಕಾಣುವುದಿಲ್ಲ, ಎಣಿಸುವ ಯಂತ್ರಕ್ಕೆ ಕಾಣುತ್ತದೆ. ಯಾರಿಗೋ ಉಲ್ಲೇಖದ ರಾಶಿ ಬೀಳುತ್ತದೆ. ಇದನ್ನು ಲೋನಿ ಬೆಸಾನ್ಸೋ, ಗಿಯೋಮ್ ಕಬಾನಾಕ್ ಮತ್ತು ಜೊತೆಯವರು ಬಯಲಿಗೆಳೆದು 2024ರಲ್ಲಿ ಪ್ರಕಟಿಸಿದರು. ಈಗಂತೂ ಕೇಳಿದ್ದಕ್ಕೆಲ್ಲ ಉತ್ತರ ಬರೆಯುವ ಯಂತ್ರಗಳು ಬಂದಿವೆ. ಇಲ್ಲದ ಪುಸ್ತಕಕ್ಕೆ ಲೇಖಕ, ವರ್ಷ, ಪುಟ ಎಲ್ಲ ಹೊಂದಿಸಿ ಕೊಡುತ್ತವೆ. ಸಿದ್ದಿಗಳ ಬಗ್ಗೆ ಪುಸ್ತಕ ಯಾವುದಿದೆ ಅಂತ ನಮ್ಮ ಗೆಳೆಯನೊಬ್ಬ ಅಂಥ ಯಂತ್ರವನ್ನು ಕೇಳಿದ. ಐದು ಹೆಸರು ಕೊಟ್ಟಿತು. ಮೂರು ಪುಸ್ತಕ ಭೂಮಿ ಮೇಲೆ ನಮಗೆಲ್ಲೂ ಸಿಗಲಿಲ್ಲ.

ಈ ತುರುಕಿದ ಉಲ್ಲೇಖಗಳ ಕಳ್ಳತನ ಸಿಕ್ಕಿಬಿದ್ದದ್ದು ಹೇಗೆ ಅನ್ನುವುದೇ ಇಲ್ಲಿ ಮುಖ್ಯ. ಆ ಕೇಂದ್ರ ದಾಖಲಾತಿ ತೆರೆದಿತ್ತು, ಅದಕ್ಕೇ ಸಿಕ್ಕಿತು. ಹೊರಗಿನವರು ಲೇಖನದ ಪುಟವನ್ನೂ ದಾಖಲಾತಿಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಲು ಆಯಿತು. ಕ್ರಾಸ್‌ರೆಫ್ ಅಂತ ಆ ದಾಖಲಾತಿ ಸಂಸ್ಥೆಯ ಹೆಸರು; 2000ದಲ್ಲಿ ಪ್ರಕಾಶಕರೇ ಸೇರಿ ಕಟ್ಟಿದ್ದು. ಮೊದಮೊದಲು ಅದರಲ್ಲಿದ್ದ ಉಲ್ಲೇಖ ಪಟ್ಟಿಗಳಲ್ಲಿ ಸಾರ್ವಜನಿಕರಿಗೆ ತೆರೆದದ್ದು ನೂರಕ್ಕೆ ಒಂದು ಪಾಲು ಮಾತ್ರ. 2017ರ ಏಪ್ರಿಲ್‌ನಲ್ಲಿ ಮುಕ್ತ ಉಲ್ಲೇಖಗಳಿಗಾಗಿ ಒಂದು ಚಳವಳಿ ಹುಟ್ಟಿತು. ಅದು ಬಹಿರಂಗವಾಗುವ ಹೊತ್ತಿಗೆ ಆ ಪಾಲು 40 ಆಗಿತ್ತು. 2022ರ ಜೂನ್‌ನಲ್ಲಿ ಅಲ್ಲಿರುವ ಉಲ್ಲೇಖ ಪಟ್ಟಿಗಳೆಲ್ಲ ತೆರೆದವು. 2024ರಲ್ಲಿ ಬಾರ್ಸಿಲೋನಾ ಘೋಷಣೆ ಬಂತು: ಸಂಶೋಧನೆಯನ್ನು ಅಳೆಯಲು ಬಳಸುವ ಮಾಹಿತಿ ಮುಚ್ಚಿದ ಪೆಟ್ಟಿಗೆಯಲ್ಲಿ ಇರಬಾರದು. ಇವರೆಲ್ಲ ಯೂರೋಪಿನ, ಅಮೆರಿಕದ ಗ್ರಂಥಪಾಲಕರು, ಪ್ರಾಧ್ಯಾಪಕರು. ರಾಜಸ್ಥಾನದ ಕೂಲಿಯವರ ಹೆಸರು ಅವರು ಕೇಳಿದ್ದಾರೋ ಇಲ್ಲವೋ, ಕೇಳಿದ ಪ್ರಶ್ನೆ ಅದೇ.

ಪುಸ್ತಕ ತೆರೆಯಿತು, ಸರಿ. ಅದರಲ್ಲಿ ನಮ್ಮ ಹೆಸರಿದೆಯಾ?

ಕ್ರಾಸ್‌ರೆಫ್‌ಗೆ ಸೇರಬೇಕಾದರೆ ಪತ್ರಿಕೆ ಸದಸ್ಯತ್ವ ತೆಗೆದುಕೊಳ್ಳಬೇಕು, ವರ್ಷಕ್ಕೆ ಚಂದಾ ಕಟ್ಟಬೇಕು, ಪ್ರತಿ ಲೇಖನಕ್ಕೂ ಒಂದು ಕಾಯಂ ಅಂಕೆ ಹಚ್ಚಬೇಕು. ಸೈಕ್ಲೋಸ್ಟೈಲ್ ಮಾಡಿ, ಕೈಯಿಂದ ಕೈಗೆ ಹಂಚಿ, ಚಂದಾ ಬಾರದೆ ನಿಂತುಹೋದ ನಮ್ಮ ಸಣ್ಣ ಪತ್ರಿಕೆಗಳಿಗೆ ಯಾವ ಅಂಕೆ? ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾದಲ್ಲಿ ಓದಿದ, 1917ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾದ ಜಾತಿಯ ಪ್ರಬಂಧವನ್ನೇ ತೆಗೆದುಕೊಳ್ಳಿ. ಅದನ್ನು ಎದೆಗೆ ಅಪ್ಪಿಕೊಂಡು ಓದಿದ್ದು, ಬೀದಿಯಲ್ಲಿ ಚರ್ಚಿಸಿದ್ದು ಇಂಥ ಪುಟಗಳು. ಆ ಉಲ್ಲೇಖಗಳು ಕಂಪನಿಯ ಪುಸ್ತಕದಲ್ಲೂ ಇಲ್ಲ, ತೆರೆದ ಪುಸ್ತಕದಲ್ಲೂ ಇಲ್ಲ.

ಹೆಸರು ಸೇರಿದರೂ ಸುಖ ಇಲ್ಲ. ಯಂತ್ರಕ್ಕೆ ಮುಂದಿನ ಹೆಸರು, ಮನೆತನದ ಹೆಸರು ಬೇರೆ ಬೇರೆ ಬೇಕು. ನಮ್ಮಲ್ಲಿ ಒಬ್ಬನಿಗೆ ಅಪ್ಪನ ಹೆಸರಿನ ಅಕ್ಷರ ಹಿಂದೆ, ಊರಿನ ಅಕ್ಷರ ಅದರ ಹಿಂದೆ. ಇನ್ನೊಬ್ಬಳಿಗೆ ಒಂದೇ ಹೆಸರು. ಒಂದೊಂದು ಪತ್ರಿಕೆ ಒಂದೊಂದು ರೀತಿ ತಿರುಗಿಸಿ ಅಚ್ಚು ಹಾಕಿ, ಒಬ್ಬ ಮನುಷ್ಯ ಯಂತ್ರದ ಕಣ್ಣಿಗೆ ಮೂವರಾಗುತ್ತಾನೆ. ಸಿದ್ದಿ ಹುಡುಗರ ಪಾಡು ಇದಕ್ಕೆ ತದ್ವಿರುದ್ಧ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಡೆ ಹಿಂದೂ, ಕ್ರೈಸ್ತ, ಮುಸಲ್ಮಾನ ಯಾರಾದರೂ ಆಗಲಿ, ಹೆಸರಿನ ಕೊನೆಗೆ 'ಸಿದ್ದಿ' ಅಂತ ಹಚ್ಚಿಕೊಳ್ಳುವವರು ಬಹಳ. ನಾಳೆ ಹತ್ತು ಹುಡುಗಿಯರು ಸಂಶೋಧನೆ ಮಾಡಿ 'ಆರ್. ಸಿದ್ದಿ' ಅಂತ ಬರೆದರೆ ಯಂತ್ರ ಹತ್ತೂ ಮಂದಿಯನ್ನು ಒಬ್ಬಳನ್ನಾಗಿ ಮಾಡುತ್ತದೆ. ಮನುಷ್ಯನಿಗೊಂದು ಅಂಕೆ ಕೊಡುವ ಆರ್ಕಿಡ್ ಎಂಬ ವ್ಯವಸ್ಥೆ 2012ರಿಂದ ಇದೆ, ದುಡ್ಡಿಲ್ಲ. ನಮ್ಮ ಹುಡುಗರು ಮೊದಲ ದಿನವೇ ಅದನ್ನು ತೆಗೆದುಕೊಳ್ಳಲಿ. ಅಂಕೆ ಅಂದರೆ ಹಚ್ಚೆ ಅಂತ ಹೆದರುವವರಿಗೆ ಒಂದು ಮಾತು, ಇಲ್ಲಿ ಅಂಕೆ ನಮ್ಮ ಕೆಲಸ ನಮ್ಮದೇ ಅಂತ ಹೇಳುತ್ತದೆ.

ಸಿದ್ದಿಗಳ ಬಗ್ಗೆ ಪಾಲಾಕ್ಷಪ್ಪನವರ ಪುಸ್ತಕ 1976ರಲ್ಲಿ ಬಂತು. 1984ರಲ್ಲಿ ಲೋಬೋ ಅವರ ವರದಿ ಬೆಂಗಳೂರಿನಲ್ಲಿ ಅಚ್ಚಾಯಿತು. ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು ಅಂತ ವಾದಿಸುವುದೇ ಅದರ ಉದ್ದೇಶ. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. 2011ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ರಕ್ತದ ಪರೀಕ್ಷೆ ಮಾಡಿ, ಆಫ್ರಿಕದ ಮೂಲ, ಭಾರತದ ಬೆರಕೆ ಅಂತ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ಈಗ ಲೆಕ್ಕದ ಪುಸ್ತಕ ನೋಡಿ. ಅಮೆರಿಕದ ಪತ್ರಿಕೆಯ ಲೇಖನದ ಒಂದೊಂದು ಉಲ್ಲೇಖವೂ ಅಚ್ಚುಕಟ್ಟಾಗಿ ಜಮಾ ಆಗುತ್ತದೆ. 1984ರ ವರದಿಯನ್ನು ಯಾವ ಅರ್ಜಿಯಲ್ಲಿ ಲಗತ್ತಿಸಿದರು, ಯಾವ ಸಭೆಯಲ್ಲಿ ಓದಿದರು, ಅದು ಯಾವ ಖಾತೆಗೂ ಜಮಾ ಇಲ್ಲ. ಒಂದು ಜನಾಂಗದ ಬಾಳಿಗೆ ಯಾವುದು ಹತ್ತಿರ ಅಂತ ತೂಗುವ ತಕ್ಕಡಿ ಯಾವ ಕಂಪನಿಯ ಬಳಿಯೂ ಇಲ್ಲ.

ಜೋಯಿಡಾದ ಕುಣಬಿಗಳಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಗಡಿಯಾಚೆ ಗೋವಾದಲ್ಲಿ ಕುಣಬಿಗಳು ಅದೇ 2003ರಲ್ಲಿ ಪರಿಶಿಷ್ಟ ಪಂಗಡವಾದರು. ಈಚೆ ದಡದವರು ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗುತ್ತಿದ್ದಾರೆ. ಕಾಡಿನ ಗಡ್ಡೆ ಗೆಣಸಿನ ಎಷ್ಟೋ ಬಗೆ ಅವರ ಬಾಯಲ್ಲಿವೆ, ಹಿತ್ತಲಲ್ಲಿವೆ. ಕಚೇರಿ ಕೇಳುವುದು: ಎಲ್ಲಿ ಬರೆದಿದೆ? ಯಾರು ಬರೆದಿದ್ದಾರೆ? ಯಾವ ಪುಟ?

ಮುಂಡಗೋಡದ ಟಿಬೆಟನ್ ಕಾಲೊನಿಯ ಮಠಗಳಲ್ಲಿ ಸಂಜೆ ಹೊತ್ತು ಸನ್ಯಾಸಿಗಳು ಚಪ್ಪಾಳೆ ತಟ್ಟಿ ವಾದ ಮಾಡುವುದನ್ನು ನೀವು ನೋಡಿರಬಹುದು. ದೇಶ ಬಿಟ್ಟು ಬಂದು ಇಲ್ಲಿ ನೆಲೆ ನಿಂತವರು ಅವರು. ಅವರ ವಿದ್ಯೆಯಲ್ಲಿ ಎರಡು ಆಧಾರ: ಒಂದು ಗ್ರಂಥದ ಮಾತು, ಇನ್ನೊಂದು ತರ್ಕ. ವಾದದ ಅಂಗಳದಲ್ಲಿ ಉಲ್ಲೇಖ ಕೊಟ್ಟವನು ಎದುರಿಗೇ ಕೂತಿರುತ್ತಾನೆ, ಕೇಳುವವನು ನಿಂತಿರುತ್ತಾನೆ, ಎಲ್ಲರ ಕಣ್ಣಮುಂದೆ ತನಿಖೆ. ನಮಗೆ ಧರ್ಮದ ಗೊಡವೆ ಬೇಡ. ಆ ಬಯಲು ಹಿಡಿಸಿತು, ಅಷ್ಟೇ ಹೇಳಿದೆವು.

ಹೆಸರು ಹಾಕಿ ಅಂತ ಕೂಗುವಾಗ ಒಂದು ಎಚ್ಚರವೂ ಬೇಕು. ರಕ್ತ ಕೊಟ್ಟವರ ಹೆಸರು ಗುಟ್ಟಾಗಿರಬೇಕು, ಆ ನಿಯಮ ಸರಿ. ಅರಣ್ಯ ಇಲಾಖೆಯ ವಿರುದ್ಧ ಮಾತಾಡಿದ ಮುದುಕನ ಹೆಸರು, ಊರು ಅಚ್ಚಾದರೆ ನಾಳೆ ಅವನ ಮನೆ ಬಾಗಿಲಿಗೆ ಗಾರ್ಡು ಬರಬಹುದು. ತೆರೆದ ಲೆಕ್ಕ ಅಂದರೆ ಬಡವನ ಗುಟ್ಟು ಬಯಲು ಮಾಡುವುದಲ್ಲ. ಕೇಳಬೇಕು. 'ನಿನ್ನ ಹೆಸರು ಬರೀಲೇನ ಅಜ್ಜಾ?' ಅಂತ ಕೇಳುವುದಕ್ಕೆ ಯಾವ ತಂತ್ರಜ್ಞಾನವೂ ಬೇಡ. ಹೂಂ ಅಂದರೆ ಬರೆಯಬೇಕು. ಪಟ್ಟಿಯಲ್ಲೇ, ಪ್ರೊಫೆಸರರ ಪಕ್ಕದಲ್ಲೇ. ಕೆನಡಾದ ಮೂಲನಿವಾಸಿ ಗ್ರಂಥಪಾಲಕಿ ಲೊರಿಸಿಯಾ ಮೆಕ್ಲಿಯೋಡ್ ಇದಕ್ಕೊಂದು ಮಾದರಿ ಮಾಡಿ 2021ರಲ್ಲಿ ಪ್ರಕಟಿಸಿದ್ದಾರೆ. ಹಿರಿಯರ ಹೆಸರು, ಅವರ ಜನಾಂಗ, ಅವರಿರುವ ಜಾಗ, ಹೇಳಿದ ವಿಷಯ, ಹೇಳಿದ ದಿನ ಎಲ್ಲ ಪಟ್ಟಿಗೆ ಸೇರುತ್ತವೆ. ಅಲ್ಲಿ ಆದದ್ದು ಇಲ್ಲಿ ಆಗಬಾರದೇಕೆ? ನಮ್ಮ ವಿಶ್ವವಿದ್ಯಾಲಯಗಳು ಮಹಾಪ್ರಬಂಧದ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಸರ್ಕಾರದ ದುಡ್ಡಲ್ಲಿ ಆದ ಹಳೆಯ ವರದಿಗಳನ್ನೆಲ್ಲ, ಆ 1978ರದ್ದೂ ಸೇರಿ, ಸ್ಕ್ಯಾನ್ ಮಾಡಿ ಅಂಕೆ ಹಚ್ಚಿ ಎಲ್ಲರಿಗೂ ತೆರೆದಿಡಲಿ. ಕನ್ನಡದ ಸಣ್ಣ ಪತ್ರಿಕೆಗಳು ಹತ್ತಿಪ್ಪತ್ತು ಕೂಡಿ ಒಂದೇ ಸದಸ್ಯತ್ವ ತೆಗೆದುಕೊಂಡರೆ ಚಂದಾ ಹೊರೆ ಹಂಚಿಹೋಗುತ್ತದೆ. ದರ್ಜೆ ಹಚ್ಚುವ ಸರ್ಕಾರ, ಯಾವ ಉಲ್ಲೇಖ ಎಣಿಸಿದೆ, ಯಾವುದು ಬಿಟ್ಟಿದೆ ಅಂತ ಪಟ್ಟಿ ಸಮೇತ ತೋರಿಸಲಿ. ಬರೀ ಕೂಡಿದ ಮೊತ್ತ ಬೇಡ. ಮುಕಾದಮನೂ ಮೊತ್ತವನ್ನಷ್ಟೇ ಹೇಳುತ್ತಿದ್ದ.

ನಾವು ಕಾಯುತ್ತ ಕೂತಿಲ್ಲ. ನಮ್ಮ ಗುಂಪಿನ ಹುಡುಗಿಯೊಬ್ಬಳು ಕಳಲೆಯ ಬಗ್ಗೆ ಬರೆದ ಪ್ರಬಂಧದ ಕೊನೆಗೆ, ಗಾಡ್ಗೀಳರ ಹೆಸರಿನ ಕೆಳಗೆ, ಹಳಿಯಾಳ ತಾಲೂಕಿನ ನಾಲ್ವರು ಮುದುಕಿಯರ ಹೆಸರನ್ನು ಅವರ ಒಪ್ಪಿಗೆ ಪಡೆದು ಸೇರಿಸಿದಳು: ಹೆಸರು, ಊರು, ಏನು ಹೇಳಿದರು, ಯಾವ ದಿನ. ಪರೀಕ್ಷಕರೊಬ್ಬರು ಕೆಂಪು ಪೆನ್ಸಿಲಿನಿಂದ ನಾಲ್ಕೂ ಹೆಸರು ಹೊಡೆದು, 'ಇವು ಆಕರಗಳಲ್ಲ' ಅಂತ ಬದಿಗೆ ಬರೆದರು. ಅವಳು ತಿದ್ದಿದ ಪ್ರತಿಯಲ್ಲಿ ನಾಲ್ಕೂ ಹೆಸರನ್ನು ಮತ್ತೆ ಟೈಪು ಮಾಡಿಸಿದ್ದಾಳೆ, ಈ ಸಲ ಅಕಾರಾದಿ ಕ್ರಮದಲ್ಲಿ, ಪ್ರೊಫೆಸರರ ನಡುನಡುವೆ. ಪ್ರತಿ ಕಳಿಸಿ ಆಗಿದೆ.